ಕಾಗೆಬಂಗಾರ

ಮೂರು ವರ್ಷದ ಹಿಂದೆ ದಸರೆಯ ಮರುದಿನ ಬನ್ನಿ ಕೊಡಲೆಂದು ಬಳ್ಳಾರಿಯಲ್ಲಿರುವ ಸೋದರತ್ತೆಯ ಮನೆಗೆ ಹೋಗಿದ್ದೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಅವರು ಒಳಕೋಣೆಯ ಟ್ರಂಕಿನಿಂದ ಒಂದು ಚೀಲವನ್ನು ತಂದು ನನ್ನ ಮುಂದಿಟ್ಟರು. ಹಳೆಯ ಲಗ್ನಪತ್ರಿಕೆಗಳು, ನಾಲ್ಕಾರು ಅಂತರ್ದೇಶೀಯ ಪತ್ರಗಳು, ಯಾರದೋ ನಾಮಕರಣದ ಫೋಟೋ, ಇವುಗಳ ನಡುವೆ 1998ರ ದಸರೆಗೆ ನಾನೇ ಕೈಯಾರೆ ಮಾಡಿ ಕೊಪ್ಪಳದಿಂದ ಅಂಚೆಗೆ ಹಾಕಿದ್ದ ಒಂದು ಶುಭಾಶಯ ಪತ್ರವೂ ಇತ್ತು. ಅದರ ಲಕೋಟೆಯ ಹಿಂಬದಿಯಲ್ಲಿ ಅಭ್ಯಾಸಬಲದಿಂದ ‘ಜಿಲ್ಲಾ ರಾಯಚೂರು’ ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ‘ಜಿಲ್ಲಾ ಕೊಪ್ಪಳ’ ಎಂದು ತಿದ್ದಿದ್ದೆ. ನಮ್ಮದು ಬೇರೆ ಜಿಲ್ಲೆಯಾಗಿ ಆಗಿನ್ನೂ ಒಂದೇ ವರ್ಷವಾಗಿತ್ತು.

“ನೋಡವ್ವಾ, ನೀ ಕಳಿಸಿದ ಬಂಗಾರ ಹೆಂಗ ಕರ್ರಗಾಗೇತಿ” ಎಂದರು ಅತ್ತೆ. ಅವರ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. ಬಂಗಾರ ಕಪ್ಪಾಗುತ್ತದೆಯೇ ಎಂಬ ಬೆರಗಷ್ಟೇ ಇತ್ತು. ಆದರೆ ಕಾರ್ಡು ಮಾಡುವ ಗೀಳನ್ನು ಅಂದಿನಿಂದ ಇಂದಿನವರೆಗೂ ಬಿಡದೆ ಬಂದಿರುವ ನನಗೆ ಆ ಮಾತು ಬಡಿದಂತಾಯಿತು.

ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮಡಚಿದ ಡ್ರಾಯಿಂಗ್ ಹಾಳೆಯ ಮೇಲೆ ಒಂದು ಬನ್ನಿಯ ಕಡ್ಡಿ. ಹುಣಸೆ ಎಲೆಯಂಥ ಅದರ ಚಿಕ್ಕಚಿಕ್ಕ ಎಲೆಗಳಿಗೆ ಸ್ಕೆಚ್ ಪೆನ್ನಿನಿಂದ ಹಸಿರು ತುಂಬಿ, ಪ್ರತಿಯೊಂದರ ಅಂಚಿಗೂ ಬಂಗಾರದ ಗೆರೆ ಎಳೆದಿದ್ದೆ. ಸುತ್ತಲೂ ಹುರಮಂಜನ್ನು ಅಂಟಿನ ನೀರಿನಲ್ಲಿ ಕಲಸಿ ಹಚ್ಚಿದ ಕೆಂಪು ಚೌಕಟ್ಟಿತ್ತು. ಕೆಳಗೆ, ಶಾಯಿಯಲ್ಲಿ ಅದ್ದಿ ಬರೆಯುವ ಟಾಕಿನಿಂದ, ಕಪ್ಪು ಇಂಡಿಯನ್ ಇಂಕಿನಲ್ಲಿ, ‘ನಾವೂ ನೀವೂ ಬಂಗಾರದಂಗ ಇರೋಣ’ ಎಂಬ, ಬನ್ನಿ ಕೊಡುವಾಗ ನಮ್ಮ ಕಡೆ ಎಲ್ಲರೂ ಆಡುವ ಮಾತಿತ್ತು. ಇಪ್ಪತ್ತೈದು ವರ್ಷದಲ್ಲಿ ಇವು ನಾಲ್ಕೂ ನಾಲ್ಕು ದಾರಿ ಹಿಡಿದಿದ್ದವು. ಎಲೆಯ ಹಸಿರು ಕಳೆದು ಒಣಹುಲ್ಲಿನ ಬಣ್ಣ ಉಳಿದಿತ್ತು. ಬಂಗಾರದ ಗೆರೆ ಕಂದುಗಪ್ಪಾಗಿ, ಅಲ್ಲಲ್ಲಿ ಅಂಚಿನಲ್ಲಿ ಹಸಿರು ಒಸರಿತ್ತು. ಕೆಂಪು ಚೌಕಟ್ಟು ಮಾತ್ರ ನಿನ್ನೆ ಬಳಿದಂತೆ ಇತ್ತು, ಕಪ್ಪು ಅಕ್ಷರಗಳೂ ಹಾಗೆಯೇ ಇದ್ದವು. ‘ಬಂಗಾರ’ ಎಂಬ ಅಕ್ಷರ ಉಳಿದು ಬಂಗಾರದ ಬಣ್ಣ ಹೋಗಿದ್ದನ್ನು ಕಂಡು ಅತ್ತೆ ನಕ್ಕರು. ನಾನು ಆ ಕಾರ್ಡಿನ ನಾಲ್ಕು ಫೋಟೋ ತೆಗೆದುಕೊಂಡು ಕೊಪ್ಪಳಕ್ಕೆ ಮರಳಿದೆ. ಆಮೇಲಿನ ಮೂರು ವರ್ಷ ನನ್ನ ಕಾರ್ಡಿನ ಕೆಲಸವೆಲ್ಲ ಒಂದು ರೀತಿಯಲ್ಲಿ ಆ ನಾಲ್ಕು ಬಣ್ಣಗಳ ತನಿಖೆಯೇ ಆಯಿತು.

ಹಸಿರಿನ ಕಥೆ ಸರಳ. ಸ್ಕೆಚ್ ಪೆನ್ನಿನ ಶಾಯಿ ಡೈ, ಎಂದರೆ ಸಕ್ಕರೆ ನೀರಿನಲ್ಲಿ ಕರಗುವ ಹಾಗೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ಅದು ಕಾಗದದ ಎಳೆಗಳೊಳಗೆ ಇಳಿದು ಅವನ್ನೇ ನೆನೆಸುತ್ತದೆ, ಆದ್ದರಿಂದಲೇ ಬೇಗ ಆರುತ್ತದೆ, ಪಾರದರ್ಶಕವಾಗಿ ಹೊಳೆಯುತ್ತದೆ, ಕಪ್ಪು ಕಾಗದದ ಮೇಲೆ ಕಾಣದೆ ಹೋಗುತ್ತದೆ. ಅಣು ಅಣುವಾಗಿ ಹರಡಿಕೊಂಡ ಬಣ್ಣಕ್ಕೆ ಬೆಳಕಿನಿಂದ ಮರೆಯಿಲ್ಲ. ಬಟ್ಟೆಗೆ ಹತ್ತಿದ ಅರಿಸಿನದ ಕಲೆ ಯಾವ ಸೋಪಿಗೂ ಬಗ್ಗದೆ, ಬಿಸಿಲಿಗೆ ಹಾಕಿದರೆ ಎರಡು ದಿನದಲ್ಲಿ ತಾನಾಗಿ ಮಾಯವಾಗುವುದನ್ನು ಬಟ್ಟೆ ಒಗೆಯುವವರೆಲ್ಲ ಬಲ್ಲರು. ಅತ್ತೆ ನನ್ನ ಕಾರ್ಡನ್ನು ಮೊದಲ ನಾಲ್ಕೈದು ವರ್ಷ ಟಿವಿಯ ಮೇಲೆ, ಕಿಟಕಿಯ ಎದುರಿಗೆ ನಿಲ್ಲಿಸಿದ್ದರಂತೆ. ಬಳ್ಳಾರಿಯ ಬಿಸಿಲು ಆ ಹಸಿರನ್ನು ಆಗಲೇ ತಿಂದು ಮುಗಿಸಿರಬೇಕು.

ಹುರಮಂಜು ಹಾಗಲ್ಲ. ಅದು ಕರಗುವುದೇ ಇಲ್ಲ. ಎಷ್ಟು ನುಣ್ಣಗೆ ಅರೆದರೂ ಅದು ಕಣವೇ, ನೀರು ಆರಿದ ಮೇಲೆ ಅಂಟು ಅದನ್ನು ಕಾಗದದ ಮೇಲೆ ಹಿಡಿದಿಡುತ್ತದೆ. ಪಿಗ್ಮೆಂಟ್ ಶಾಯಿ ಎನ್ನುವುದು ಇದನ್ನೇ. ಬೆಳಕು ಕಣದ ಹೊರಮೈಯನ್ನು ಕೊಂಚ ಸವೆಸಿದರೂ ಒಳಗೆ ಇನ್ನೂ ಬಣ್ಣ ಉಳಿದಿರುತ್ತದೆ. ಹುರಮಂಜಿನ ಕೆಂಪಿಗಂತೂ ಬೆಳಕಿನ ಭಯವೇ ಇಲ್ಲ, ಏಕೆಂದರೆ ಅದು ಕಬ್ಬಿಣದ ಆಕ್ಸೈಡು, ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಇಳಿದುಹೋದ ಹೆಮಟೈಟ್ ಅದಿರಿನ ಬಣ್ಣವೂ ಅದೇ. ಕೊಪ್ಪಳದಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗುವಾಗ ಹೊಸಪೇಟೆ ದಾಟಿ ತೋರಣಗಲ್ಲು ಬರುತ್ತಿದ್ದಂತೆ ಹಳಿಯ ಪಕ್ಕದ ಗಿಡಗಳ ಎಲೆ ಎಲೆಯ ಮೇಲೂ ಅದನ್ನು ಕಾಣಬಹುದು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನಲ್ಲಿ, ಮೋರೇರ ಗುಡ್ಡದ ಆಸುಪಾಸಿನ ಬಂಡೆಗಳ ಮರೆಯಲ್ಲಿ, ಪ್ರಾಗಿತಿಹಾಸದ ಜನ ಇಂಥದೇ ಕೆಮ್ಮಣ್ಣಿನಿಂದ ಬರೆದ ಮನುಷ್ಯರೂ ಪ್ರಾಣಿಗಳೂ ಇವತ್ತಿಗೂ ಇವೆ. ಅವರ ಮುಂದೆ ನನ್ನ ಇಪ್ಪತ್ತೈದು ವರ್ಷ ಯಾವ ಲೆಕ್ಕ? ಇಂಡಿಯನ್ ಇಂಕಿನ ಕಪ್ಪೂ ಇದೇ ಜಾತಿಗೆ ಸೇರಿದ್ದು. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದರೆ ಕೂಡುವ ಮಸಿ ಎಂಬುದು ಬರೀ ಇಂಗಾಲ, ಅದನ್ನು ಅಂಟಿನಲ್ಲಿ ಅರೆದರೆ ಬರೆಯುವ ಮಸಿಯಾಯಿತು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ಸುಮ್ಮನೆ ಅಲ್ಲ.

ಇನ್ನು ಬಂಗಾರ. 1998ರಲ್ಲಿ ನಮಗೆ ಸಿಗುತ್ತಿದ್ದದ್ದು ಬಣ್ಣದ ಅಂಗಡಿಯಲ್ಲಿ ತೊಲೆಯ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ ಕೊಡುವ ‘ಗೋಲ್ಡ್ ಪೌಡರ್’. ಗಣಪತಿಯ ಕಿರೀಟಕ್ಕೂ ಕಬ್ಬಿಣದ ಗೇಟಿನ ತುದಿಗೂ ಅದನ್ನೇ ಹಚ್ಚುತ್ತಿದ್ದರು. ಅದನ್ನು ಅಂಟಿನ ನೀರಿನಲ್ಲಿ ಕದಡಿ ಸಣ್ಣ ಕುಂಚದಿಂದ ಗೆರೆ ಎಳೆದಿದ್ದೆ. ಬಂಗಾರವೆಂದು ಕರೆದರೂ ಅದು ತಾಮ್ರ ಮತ್ತು ಸತುವು ಬೆರೆತ ಹಿತ್ತಾಳೆಯ ಪುಡಿ. ತಾಮ್ರದ ಪಾಲು ಹೆಚ್ಚಾದರೆ ಕೆಂಪು ಛಾಯೆಯ ಬಂಗಾರ, ಸತುವಿನ ಪಾಲು ಹೆಚ್ಚಾದರೆ ಹಸಿರು ಛಾಯೆಯ ಹಳದಿ ಬಂಗಾರ. ಬೆಳ್ಳಿಯ ಶಾಯಿಯೆಂದು ಮಾರುವುದರಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ.

ಈ ಪುಡಿಯನ್ನು ‘ಪುಡಿ’ ಎನ್ನುವುದೂ ಪೂರ್ತಿ ಸರಿಯಲ್ಲ. ಅದರ ಕಣಗಳು ರವೆಯ ಹಾಗೆ ದುಂಡಗಿರುವುದಿಲ್ಲ, ಗಿರಣಿಯಲ್ಲಿ ಬಡಿದು ಬಡಿದು ಚಪ್ಪಟೆಯಾಗಿ, ಮೀನಿನ ಹುರುಪೆಗಳಂತೆ ಇರುತ್ತವೆ. ಹೊಳಪಿನ ಗುಟ್ಟೆಲ್ಲ ಈ ಆಕಾರದಲ್ಲಿದೆ. ಹುರುಪೆಗಳು ಒಂದರ ಮೇಲೊಂದು ಅಡ್ಡ ಮಲಗಿದರೆ ಕಾಗದದ ಮೇಲೆ ಸಾವಿರಾರು ಪುಟ್ಟ ಕನ್ನಡಿಗಳನ್ನು ಹಾಸಿದಂತಾಗುತ್ತದೆ, ಅಡ್ಡಾದಿಡ್ಡಿಯಾಗಿ ನಿಂತರೆ ಅದೇ ಪದಾರ್ಥ ಮಂಕು ಕಂದು ಬಣ್ಣವಾಗುತ್ತದೆ. ತಯಾರಕರು ಹುರುಪೆಗಳಿಗೆ ಸ್ಟಿಯರಿಕ್ ಆಮ್ಲದಂಥ ಜಿಡ್ಡನ್ನು ಸವರಿ, ಅವು ಶಾಯಿಯ ಮೇಲ್ಮೈಗೆ ತೇಲಿ ಬಂದು ಅಲ್ಲೇ ಹರಡಿ ಮಲಗುವ ಹಾಗೆ ಮಾಡುವುದೂ ಉಂಟು. ಹೊಳಪೇನೋ ಅದರಿಂದ ಹೆಚ್ಚುತ್ತದೆ, ಆದರೆ ಮೇಲೆ ತೇಲಿದ್ದು ಬೆರಳಿಗೂ ಸುಲಭವಾಗಿ ಅಂಟಿಕೊಂಡು ಬರುತ್ತದೆ.

ಹಿತ್ತಾಳೆ ಎಂದ ಮೇಲೆ ಕಪ್ಪಾದದ್ದಕ್ಕೆ ಕಾರಣ ಹುಡುಕಲು ರಸಾಯನಶಾಸ್ತ್ರದ ಪುಸ್ತಕ ಬೇಕಾಗಲಿಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಏನಾಗುತ್ತದೆ ಎಂಬುದು ನಮ್ಮ ಅವ್ವನಿಗೂ ಗೊತ್ತಿತ್ತು. ಕಿಲುಬು. ಗಾಳಿಯ ತೇವ, ಬೆರಳಿನ ಬೆವರು, ಹುಳಿಯ ಗುಣವುಳ್ಳ ಅಂಟು, ಅಗ್ಗದ ಕಾಗದದಲ್ಲೇ ಉಳಿದಿರುವ ಆಮ್ಲ, ಇವೆಲ್ಲ ಸೇರಿ ತಾಮ್ರವನ್ನು ಕಾಡುತ್ತವೆ. ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಕೂದಲೆಳೆಯಷ್ಟು ದಪ್ಪವೂ ಇಲ್ಲದ ಗೆರೆಯನ್ನು ಯಾವುದರಿಂದ ತಿಕ್ಕುವುದು? ಇಡೀ ಪಾತ್ರೆಗೆ ಹತ್ತಿದ ಕಿಲುಬು ಅದರ ಹೊರಪದರ ಮಾತ್ರ, ನನ್ನ ಹುರುಪೆಗಳಿಗೋ ಹೊರಪದರ ಬಿಟ್ಟು ಬೇರೆ ಒಡಲೇ ಇಲ್ಲ.

ನಿಜವಾದ ಬಂಗಾರವನ್ನು ಹಚ್ಚಬಹುದಲ್ಲ ಎಂದು ಕೇಳುವವರಿದ್ದಾರೆ. ಹಚ್ಚಬಹುದು. ಬಂಗಾರದ ತಗಡನ್ನು ಅಂಟಿನಲ್ಲಿ ಅರೆದು ಚಿತ್ರಕ್ಕೆ ಬಳಸುವ ಪದ್ಧತಿ ನಮ್ಮಲ್ಲೂ ಇತ್ತು, ಪರ್ಷಿಯಾದಲ್ಲೂ ಯುರೋಪಿನಲ್ಲೂ ಇತ್ತು, ಆ ಬಂಗಾರ ಇಂದಿಗೂ ಮಾಸಿಲ್ಲ. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ ಎಂಬುದನ್ನು ನೆನೆದರೆ, ದಸರೆಯ ಐವತ್ತು ಕಾರ್ಡುಗಳಿಗೆ ಅದನ್ನು ಬಳಿಯುವ ಮನಸ್ಸು ಯಾರಿಗೂ ಬಾರದು. ಬಂಗಾರ ಕೊಡಲಾಗದವರು ಬನ್ನಿ ಎಲೆಯನ್ನೇ ಬಂಗಾರವೆಂದು ಕೊಡುವ ಹಬ್ಬ ಇದು.

ಶಾಯಿಯ ವಿಷಯಕ್ಕಿಂತ ಮೊದಲು ಕಾಗದದ ವಿಷಯದಲ್ಲಿ ನಾನು ತಪ್ಪಿದ್ದೆ ಎಂಬುದೂ ನಿಧಾನವಾಗಿ ಗೊತ್ತಾಯಿತು. ಬಿಳಿಯ ಹಾಳೆಯ ಮೇಲೆ ಬಂಗಾರದ ಗೆರೆ ಎದ್ದು ಕಾಣುವುದಿಲ್ಲ. ಬಿಳಿಯೂ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಬಂಗಾರವೂ ಎಸೆಯುತ್ತದೆ, ಇಬ್ಬರೂ ಒಟ್ಟಿಗೆ ಮಾತನಾಡಿದ ಹಾಗೆ. ಹೊಳಪು ಕಾಣಬೇಕಾದರೆ ಸುತ್ತಲಿನ ನೆಲ ಬೆಳಕನ್ನು ನುಂಗುವಂಥದಾಗಿರಬೇಕು, ಕಪ್ಪು, ಕಡುನೀಲಿ, ಕೆಮ್ಮಣ್ಣಿನ ಕೆಂಪು, ಅದೂ ನುಣುಪಿಲ್ಲದ ಮೈ. ಇದು ನಮ್ಮ ಹಿರಿಯರಿಗೆ ಹೊಸತೇನಲ್ಲ. ವ್ಯಾಪಾರಸ್ಥರು ಲೆಕ್ಕ ಬರೆದಿಡುತ್ತಿದ್ದ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಈಗ ಕಪ್ಪು ಕಾರ್ಡ್‌ಶೀಟಿನ ಮೇಲೆ ಬಿಳಿಯ ಜೆಲ್ ಪೆನ್ನಿನಿಂದ ಬರೆದು ಹೊಸ ಫ್ಯಾಷನ್ ಎಂದುಕೊಳ್ಳುವ ಮಕ್ಕಳಿಗೆ ನಾನು ಕಡತದ ಕಥೆ ಹೇಳುವುದುಂಟು. ಅವರು ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು. ಆ ಬಿಳಿಯೂ ಪಿಗ್ಮೆಂಟೇ, ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಬೆಳಕನ್ನು ಅದು ಬಲವಾಗಿ ಬಾಗಿಸಿ ಚದುರಿಸುವುದರಿಂದ ತೆಳುವಾಗಿ ಹಚ್ಚಿದರೂ ಕೆಳಗಿನ ಕಪ್ಪನ್ನು ಮುಚ್ಚುತ್ತದೆ.

ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ನೋಡಲು ಚಂದ, ಆದರೆ ಶಾಯಿಗೆ ಅದು ಬಾಯಾರಿದ ಹೊಲ. ಹುರುಪೆಗಳನ್ನು ಹಿಡಿದಿಡಬೇಕಾದ ಅಂಟೆಲ್ಲ ಕಾಗದದೊಳಗೆ ಇಂಗಿ, ಬಂಗಾರ ಮೇಲೆ ಬರೀ ಧೂಳಾಗಿ ಉಳಿದು, ಕೈ ಸವರಿದರೆ ಹಾರಿಹೋಗುತ್ತದೆ. ಅದಕ್ಕಾಗಿ ನಾನು ತಿಳಿಯಾದ ಅನ್ನದ ಗಂಜಿಯನ್ನು ಒಂದು ಕೈ ಬಳಿದು, ಪೂರ್ತಿ ಒಣಗಿದ ಮೇಲೆ ದೊಡ್ಡ ಕವಡೆಯ ಬೆನ್ನಿನಿಂದ ಹಿತವಾಗಿ ತಿಕ್ಕುತ್ತೇನೆ. ಎಳೆಗಳು ಒತ್ತಿಕೊಂಡು ಮೈ ಬಿಗಿಯಾಗುತ್ತದೆ. ಗಂಜಿ ಹೆಚ್ಚಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಹುಳಕ್ಕೂ ಅದು ಹಬ್ಬದೂಟ. ಮೊದಲ ವರ್ಷ ನಾಲ್ಕು ಕಾರ್ಡುಗಳ ಅಂಚನ್ನು ಬೆಳ್ಳಿಮೀನಿನ ಹುಳ ಅಲಂಕಾರಿಕವಾಗಿ ಕತ್ತರಿಸಿಕೊಟ್ಟಿತ್ತು.

ಬರೆಯುವ ಸಾಧನದ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಇಂಥ ಶಾಯಿಯನ್ನು ಇಂಕ್ ಪೆನ್ನಿಗೆ ತುಂಬಬಾರದು, ತುಂಬಿದರೆ ಕಣಗಳು ಅದರ ಗಂಟಲಲ್ಲಿ ಕುಳಿತು ಪೆನ್ನು ಶಾಶ್ವತವಾಗಿ ಮೌನವಾಗುತ್ತದೆ. ಟಾಕು ಮತ್ತು ದೌತಿ, ಎಂದರೆ ಶಾಯಿಯ ಕುಡಿಕೆ, ಇವೇ ಇದಕ್ಕೆ ಸರಿ. ಹಿತ್ತಾಳೆ ನೀರಿಗಿಂತ ಎಂಟು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ದೌತಿಯ ತಳಕ್ಕೆ ನೋಡನೋಡುತ್ತಲೇ ಇಳಿಯುತ್ತದೆ, ನಾಲ್ಕಕ್ಷರಕ್ಕೊಮ್ಮೆ ಕಡ್ಡಿಯಿಂದ ಕದಡದಿದ್ದರೆ ‘ಶುಭಾಶಯ’ದ ‘ಶು’ ಬಂಗಾರವಾಗಿಯೂ ‘ಯ’ ಬರೀ ಅಂಟಾಗಿಯೂ ಮೂಡುತ್ತದೆ. ಜೆಲ್ ಪೆನ್ನುಗಳು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದವು. ಜಪಾನಿನ ಸಕುರಾ ಕಂಪನಿ 1984ರಲ್ಲಿ ಮೊದಲು ಮಾರಿದ ಈ ಪೆನ್ನುಗಳ ಶಾಯಿ ನಿಂತಾಗ ಲೋಳೆಯ ಹಾಗೆ ಗಟ್ಟಿಯಾಗಿದ್ದು ಕಣಗಳನ್ನು ಇಳಿಯಗೊಡುವುದಿಲ್ಲ, ತುದಿಯ ಗುಂಡು ಉರುಳಿದಾಗ ಮಾತ್ರ ತೆಳುವಾಗಿ ಹರಿಯುತ್ತದೆ, ಕಾಗದ ಮುಟ್ಟಿದ ಕೂಡಲೇ ಮತ್ತೆ ಗಟ್ಟಿಯಾಗುತ್ತದೆ. ಅನುಕೂಲವೇನೋ ಹೌದು, ಆದರೆ ಗೆರೆ ಎಲ್ಲೆಲ್ಲೂ ಒಂದೇ ದಪ್ಪ. ಕನ್ನಡದ ಅಕ್ಷರಗಳ ಸುತ್ತುಗಳಿಗೆ ಟಾಕಿನ ಒತ್ತು ಕೊಡುವ ಬಳುಕು ಅದರಲ್ಲಿ ಬರುವುದಿಲ್ಲ ಎಂಬ ನನ್ನ ಹಟ ಇನ್ನೂ ಹೋಗಿಲ್ಲ.

ಎರಡನೆಯ ವರ್ಷ ಪಿಗ್ಮೆಂಟ್ ಇಂಕಿನ ಮೆತ್ತೆ ಮತ್ತು ರಬ್ಬರ್ ಅಚ್ಚುಗಳನ್ನು ತರಿಸಿದೆ. ಈ ಮೆತ್ತೆಯ ಶಾಯಿಯಲ್ಲಿ ಗ್ಲಿಸರಿನ್‌ನಂಥ ಬೇಗ ಆರದ ದ್ರವವಿರುತ್ತದೆ. ಆರದಿರುವುದೇ ಅದರ ಉಪಯೋಗ, ಹಸಿಯಾಗಿರುವಾಗಲೇ ಮೇಲೆ ಉಬ್ಬು ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಶಾಖ ಕೊಟ್ಟರೆ ಪುಡಿ ಕರಗಿ ಅಕ್ಷರಗಳು ತಗಡಿನಂತೆ ಎದ್ದು ನಿಲ್ಲುತ್ತವೆ. ಶಾಖಕ್ಕೆಂದು ಕೂದಲು ಒಣಗಿಸುವ ಯಂತ್ರ ಹಿಡಿದೆ, ಅದರ ಗಾಳಿಗೆ ಪುಡಿಯೆಲ್ಲ ಹಾರಿ ನನ್ನ ಹುಬ್ಬಿನ ಮೇಲೆ ಕುಳಿತಿತು. ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗಾಗಿ ಭದ್ರವಾಗಿ ಕೂರಿಸಿ, ಅದರ ಮೇಲೆ ಬೆರಳಗಲ ಎತ್ತರದಲ್ಲಿ ಕಾರ್ಡನ್ನು ಇಕ್ಕಳದಿಂದ ಹಿಡಿದಾಗ ಕೆಲಸ ಸಾಧಿಸಿತು. ನಮ್ಮ ಒಣಹವೆಯಲ್ಲಿ ಇನ್ನೊಂದು ಪೀಡೆ ಇದೆ. ಕಾಗದದಲ್ಲಿ ಸ್ಥಿರವಿದ್ಯುತ್ತು ಹುಟ್ಟಿ, ಶಾಯಿ ಇಲ್ಲದ ಕಡೆಯೂ ಪುಡಿಯ ಕಣಗಳು ಅಂಟಿಕೊಂಡು, ಕರಗಿದ ಮೇಲೆ ಕಾರ್ಡಿನ ತುಂಬ ಬಂಗಾರದ ಸಿಡುಬು ಎದ್ದಂತಾಗುತ್ತದೆ. ಅಚ್ಚೊತ್ತುವ ಮೊದಲು ಮುಖಕ್ಕೆ ಹಚ್ಚುವ ಪೌಡರನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಕಾಗದದ ಮೇಲೆ ಒಮ್ಮೆ ಆಡಿಸಿದರೆ ಸಾಕು, ಈ ಕಾಟ ತಪ್ಪುತ್ತದೆ.

ಆ ವರ್ಷದ ದೊಡ್ಡ ಅನಾಹುತಕ್ಕೆ ಶಾಯಿ ಕಾರಣವಲ್ಲ, ನನ್ನ ಅವಸರ. ಬಳ್ಳಾರಿಯ ಬಂಧುಗಳೊಬ್ಬರ ಮದುವೆಗೆಂದು ಮೂವತ್ತು ಕಾರ್ಡು ಮಾಡಿ, ನುಣುಪು ಮೈಯ ಆರ್ಟ್ ಪೇಪರಿನ ಮೇಲೆ ಪಿಗ್ಮೆಂಟ್ ಶಾಯಿಯಿಂದಲೇ ಬರೆದು, ಒಂದರ ಮೇಲೊಂದು ಜೋಡಿಸಿ ಡಬ್ಬಿಯಲ್ಲಿಟ್ಟುಕೊಂಡು ಮೇ ತಿಂಗಳ ಮಧ್ಯಾಹ್ನ ರೈಲು ಹತ್ತಿದೆ. ಇಂಗಲು ಜಾಗವಿಲ್ಲದ ನುಣುಪು ಕಾಗದದ ಮೇಲೆ ಈ ಶಾಯಿ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ ಎಂಬುದು ಬಳ್ಳಾರಿಯಲ್ಲಿ ಡಬ್ಬಿ ತೆರೆದಾಗ ತಿಳಿಯಿತು. ಪ್ರತಿ ಕಾರ್ಡಿನ ಬೆನ್ನ ಮೇಲೂ ಅದರ ಕೆಳಗಿನ ಕಾರ್ಡಿನ ಹೆಸರುಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿದ್ದವು. ವರನ ಕಾಕಾ ಅವನ್ನು ಎತ್ತಿ ಹಿಡಿದು, “ಇದು ಹಿಂದಮುಂದ ಎರಡೂ ಕಡೆ ಓದೂದು ಅದ ಏನ್ರೀ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅಂದಿನಿಂದ ಎರಡು ಕಾರ್ಡುಗಳ ನಡುವೆ ಬಟರ್ ಪೇಪರ್ ಇಡದೆ ನಾನು ಮನೆಯ ಹೊಸ್ತಿಲು ದಾಟಿಲ್ಲ.

ಕಪ್ಪಾಗುವ ಬಂಗಾರದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅದರ ಬಗ್ಗೆ ಮೊದಲ ಸುಳಿವು ಸಿಕ್ಕಿದ್ದು ಕಿನ್ನಾಳದಲ್ಲಿ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಈ ಊರಿನ ಚಿತ್ರಗಾರರು ಮಾಡುವ ಮರದ ಗೌರಿ, ಗರುಡ, ಹಣ್ಣು, ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ಅವರ ಗೌರಿಯ ಒಡವೆಗಳು ನಿಜವಾದ ಒಡವೆಗಳ ಹಾಗೆಯೇ ಹೊಳೆಯುತ್ತವೆ, ಎಷ್ಟೋ ಹಳೆಯ ಮೂರ್ತಿಗಳಲ್ಲಿಯೂ ಆ ಹೊಳಪು ಕಿಲುಬಿಗೆ ಸಿಕ್ಕಿಲ್ಲ. ಅಲ್ಲಿ ಹಿತ್ತಾಳೆಯ ಪುಡಿಯ ಬದಲು ಲಜವರ ಎಂಬ ಹಳೆಯ ವಿಧಾನವಿದೆ. ತವರದ ಚೂರುಗಳನ್ನು ಅಂಟಿನೊಡನೆ ಅರೆದು ಬಣ್ಣದಂತೆ ಹಚ್ಚುತ್ತಾರೆ, ಆರಿದ ಮೇಲೆ ನುಣ್ಣನೆಯ ಕಲ್ಲಿನಿಂದ ತಿಕ್ಕಿ ಲೋಹದ ಹೊಳಪು ಬರಿಸುತ್ತಾರೆ. ನನ್ನ ಕಪ್ಪಾದ ಕಾರ್ಡಿನ ಫೋಟೋವನ್ನು ಅಲ್ಲಿಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಹಿತ್ತಾಳಿಗೆ ಕಲಾಯಿ ಯಾತರದ ಹಾಕ್ತೀವ್ರೀ ತಂಗಿ? ತವರದ್ದ ಅಲ್ಲೇನು? ಮತ್ತ ಹಿತ್ತಾಳಿ ಬಿಟ್ಟು ಸೀದಾ ತವರ ಹಚ್ಚಿದ್ರ ಆತು” ಎಂದರು. ಪಾತ್ರೆಯ ಒಳಗೆ ಕಿಲುಬನ್ನು ತಡೆಯುವ ಲೋಹವೇ ಗೌರಿಯ ಮೈಮೇಲೆ ಒಡವೆಯಾಗಿದೆ ಎಂಬುದು ನನಗೆ ಅಷ್ಟು ದಿನ ಹೊಳೆದಿರಲಿಲ್ಲ. ಹೊಳಪು ಇರುವುದು ಬಣ್ಣದಲ್ಲಲ್ಲ, ತಿಕ್ಕುವುದರಲ್ಲಿ ಎಂದೂ ಅವರು ಹೇಳಿದರು. ಮನೆಗೆ ಬಂದು ಬೇಗಡೆ ಹಾಳೆಯನ್ನು ಅರೆಯಲು ಹೋಗಿ ಬರೀ ಬೂದಿಬಣ್ಣದ ಸರಿಯನ್ನು ಮಾಡಿಕೊಂಡ ಮೇಲೆ, ತಲೆಮಾರುಗಳ ಕೈಯಲ್ಲಿರುವುದನ್ನು ಒಂದು ಭಾನುವಾರದಲ್ಲಿ ಕಲಿಯಲಾಗದು ಎಂದು ಒಪ್ಪಿಕೊಂಡೆ. ಮರದ ಗಟ್ಟಿ ಮೈ ತಾಳುವ ಕಲ್ಲಿನ ತಿಕ್ಕು ಮಡಚುವ ಕಾಗದಕ್ಕೆ ಒಗ್ಗುವುದೂ ಇಲ್ಲ.

ಮಾಸದ ಹೊಳಪಿಗೆ ಬೇರೆ ದಾರಿ ಇರಬೇಕೆಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಮೈಕಾ, ನಮ್ಮ ಮಾತಿನಲ್ಲಿ ಅಭ್ರಕ, ಹಳೆಯ ಕನ್ನಡಿಗರ ಬಾಯಲ್ಲಿ ಕಾಗೆಬಂಗಾರ. ಚಿಕ್ಕಂದಿನಲ್ಲಿ ಗುಡ್ಡದ ಬಂಡೆಗಳ ಸಂದಿನಲ್ಲಿ ಉಗುರಿನಿಂದ ಕೆರೆದು, ಹಾಳೆ ಹಾಳೆಯಾಗಿ ಬಿಡಿಸಿ, ಪಾಟಿಚೀಲದಲ್ಲಿ ಬಚ್ಚಿಟ್ಟುಕೊಂಡ ವಸ್ತು ಅದು. ಬಂಗಾರವೆಂದು ನಂಬಿ ಮೋಸಹೋದವರನ್ನು ಕಂಡು ಯಾರೋ ಇಟ್ಟ ಹೆಸರಿರಬೇಕು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಣ್ಣ ತಯಾರಕರು ಇದೇ ಅಭ್ರಕದ ಸೂಕ್ಷ್ಮ ಹುರುಪೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಪದರವನ್ನು ಕೂರಿಸುವುದನ್ನು ರೂಢಿಗೆ ತಂದರು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದ ಆ ಪದರದ ಮೇಲ್ಮೈಯಿಂದ ಮರಳಿದ ಬೆಳಕೂ ತಳದಿಂದ ಮರಳಿದ ಬೆಳಕೂ ಒಂದನ್ನೊಂದು ಕೂಡಿ ಕಳೆದು ಕೆಲವು ಬಣ್ಣಗಳನ್ನಷ್ಟೇ ಹೊರಗೆ ಬಿಡುತ್ತವೆ. ಮಳೆ ಬಿದ್ದ ರಸ್ತೆಯ ಮೇಲೆ ಡೀಸೆಲ್ ಚೆಲ್ಲಿದಾಗ ಕಾಣುವ ಬಣ್ಣಗಳ ಆಟವೇ ಇದು. ಪದರದ ದಪ್ಪವನ್ನು ಕೊಂಚ ಬದಲಿಸಿದರೆ ಬೆಳ್ಳಿ, ಇನ್ನೊಂದಿಷ್ಟು ಬದಲಿಸಿದರೆ ಬಂಗಾರ. ಅದರ ಹಳದಿಗೆ ಇನ್ನಷ್ಟು ಕೆಂಪು ಛಾಯೆ ಬರಬೇಕಾದರೆ ಮೇಲೆ ಕಬ್ಬಿಣದ ಆಕ್ಸೈಡನ್ನು ಕೂರಿಸುತ್ತಾರೆ.

ಇದನ್ನು ಓದಿದ ದಿನ ನಾನು ಅತ್ತೆಯ ಕಾರ್ಡಿನ ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿ ಉಳಿದುಕೊಂಡಿದ್ದ ಹುರಮಂಜಿನ ಚೌಕಟ್ಟು ಮತ್ತು ಈ ಹೊಸ ಬಂಗಾರದ ಮೈಬಣ್ಣ ಒಂದೇ ಕುಲದವು. ಹಿತ್ತಾಳೆಗೆ ಗಾಳಿಯೊಡನೆ ಕೂಡುವ ಆಸೆ ಇನ್ನೂ ತೀರಿಲ್ಲ, ಆದ್ದರಿಂದ ಅದು ಮಾಸುತ್ತಲೇ ಹೋಗುತ್ತದೆ. ಕಬ್ಬಿಣದ ಆಕ್ಸೈಡು ಎಂದೋ ತುಕ್ಕು ಹಿಡಿದು ಮುಗಿದ ಕಬ್ಬಿಣ, ಅಭ್ರಕವೋ ಕಲ್ಲು, ಇವಕ್ಕೆ ಇನ್ನು ಕೆಡಲು ಏನೂ ಉಳಿದಿಲ್ಲ. ನಿಜ, ಹತ್ತಿರ ಹಿಡಿದು ನೋಡಿದರೆ ಅಭ್ರಕದ ಬಂಗಾರ ಮುತ್ತಿನ ಹಾಗೆ ಮೃದುವಾಗಿ ಮಿನುಗುತ್ತದೆಯೇ ಹೊರತು ಹಿತ್ತಾಳೆಯ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಅಚ್ಚುಕಟ್ಟಾದ ಕನ್ನಡಿ ಹೊಳಪೇ ಬೇಕೆನ್ನುವವರಿಗೆ ಅದು ಸಪ್ಪೆ ಎನಿಸಬಹುದು. ಒಂದು ವಾರ ನೋಡಿ ಎಸೆಯುವ ಕಾರ್ಡಿಗೆ ಹಿತ್ತಾಳೆಯೇ ಚಂದ, ಟ್ರಂಕಿನಲ್ಲಿ ಇಡುವವರಿಗೆ ಕಾಗೆಬಂಗಾರ, ಎಂದು ನಾನು ಈಗ ಪಾಲು ಮಾಡಿಕೊಂಡಿದ್ದೇನೆ. ತೊಂದರೆಯೆಂದರೆ, ಯಾರು ಎಸೆಯುತ್ತಾರೆ, ಯಾರು ಇಡುತ್ತಾರೆ ಎಂಬುದು ಕಳಿಸುವವರಿಗೆ ಗೊತ್ತಾಗುವುದಿಲ್ಲ.

ಹೀಗಿರುವಾಗ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬಾರದೇ ಎಂದು ನನ್ನ ತಮ್ಮ ಪ್ರತಿ ವರ್ಷ ಕೇಳುತ್ತಾನೆ. ಹಾಕಿ ನೋಡಿದ್ದೇನೆ. ನೇರವಾಗಿ ತೆಗೆದ ಫೋಟೋದಲ್ಲಿ ಬಂಗಾರದ ಗೆರೆಗಳು ಸಾಸಿವೆ ಬಣ್ಣವಾಗಿಯೋ ಕೆಸರಾಗಿಯೋ ಕಾಣುತ್ತವೆ. ಹುರುಪೆಗಳು ಬೆಳಕನ್ನು ಒಂದು ದಿಕ್ಕಿಗೆ ಮಾತ್ರ ಎಸೆಯುವುದರಿಂದ ಹೊಳಪು ಇರುವುದು ಗೆರೆಯಲ್ಲಲ್ಲ, ಕಾರ್ಡನ್ನು ಆಚೀಚೆ ಹೊರಳಿಸುವ ಕೈಯಲ್ಲಿ. ಕ್ಯಾಮೆರಾಕ್ಕೆ ಒಂದೇ ಗಳಿಗೆ, ಒಂದೇ ಕೋನ. ಹೊಳೆಯುವ ಕೋನದಿಂದ ತೆಗೆದರೆ ಗೆರೆ ಇದ್ದಲ್ಲಿ ಬರೀ ಬಿಳಿಯ ಉರಿ ಬರುತ್ತದೆ, ಬಣ್ಣವಿಲ್ಲ.

ಈ ವರ್ಷ ಅತ್ತೆಗೆ ಅದೇ ಬನ್ನಿಯ ಕಡ್ಡಿಯನ್ನು ಮತ್ತೆ ಬರೆದೆ. ಕಪ್ಪು ಕೈಕಾಗದ, ಗಂಜಿ ಹಚ್ಚಿ ಕವಡೆಯಿಂದ ತಿಕ್ಕಿದ್ದು. ಹುರಮಂಜಿನ ಚೌಕಟ್ಟು ಹಾಗೆಯೇ ಇರಲೆಂದು ಬಿಟ್ಟೆ, ಕಪ್ಪಿನ ಮೇಲೆ ಅದು ಆರಿದ ಕೆಂಡದಂತೆ ಕಂಡಿತು. ಎಲೆಗಳಿಗೆ ಪಿಗ್ಮೆಂಟ್ ಹಸಿರು, ಅಂಚಿಗೂ ಅಕ್ಷರಕ್ಕೂ ಅಭ್ರಕದ ಬಂಗಾರ. ಹಿಂಬದಿಗೆ ಅಂಟಿಸಿದ ಬಿಳಿ ಹಾಳೆಯ ಮೂಲೆಯಲ್ಲಿ, ಮುಂದೆ ಯಾರಾದರೂ ನನ್ನ ಹಾಗೆ ತನಿಖೆಗೆ ಕುಳಿತರೆ ಅನುಕೂಲವಾಗಲೆಂದು, ಯಾವುದಕ್ಕೆ ಯಾವ ಬಣ್ಣ ಎಂಬುದನ್ನು ತಾರೀಖಿನ ಸಮೇತ ಪೆನ್ಸಿಲಿನಲ್ಲಿ ಸಣ್ಣಗೆ ಬರೆದೆ. ಪೆನ್ಸಿಲ್ಲಿನ ಸೀಸವೂ ಇಂಗಾಲವೇ.

ಅಂಚೆಗೆ ಹಾಕದೆ ಬನ್ನಿಯ ಜೊತೆಗೆ ನಾನೇ ಒಯ್ದೆ. ಅತ್ತೆ ಕಾರ್ಡನ್ನು ಕಿಟಕಿಯ ಕಡೆಗೂ ಬಾಗಿಲ ಕಡೆಗೂ ಹೊರಳಿಸಿ ನೋಡಿ ಸಂತೋಷಪಟ್ಟು, ಆಮೇಲೆ ಹಿಂದೆ ತಿರುಗಿಸಿ ನನ್ನ ಪೆನ್ಸಿಲ್ ಬರಹವನ್ನು ಕಣ್ಣು ಕಿರಿದು ಮಾಡಿ ಓದಿದರು.

“ಹಬ್ಬದ ದಿನ ಯಾರರ ಕಾಗಿಬಂಗಾರ ಅಂತ ಬರದು ಕೊಡ್ತಾರೇನವ್ವಾ?”

ಕಪ್ಪಾದ ಹಳೆಯ ಕಾರ್ಡಿನ ಗೆರೆಗಳನ್ನು ಹೊಸ ಶಾಯಿಯಿಂದ ತಿದ್ದಿಕೊಡುತ್ತೇನೆ ಎಂದೆ. “ಇರಲಿ ಬಿಡು, ಅದಕ್ಕೂ ವಯಸ್ಸಾಗೇತಿ” ಎಂದು ಅವರು ಎರಡನ್ನೂ ಎದುರುಬದುರಾಗಿ ಅದೇ ಚೀಲದಲ್ಲಿ ಹಾಕಿದರು. ನಡುವೆ ಒಂದು ಬಟರ್ ಪೇಪರ್ ಇಡುವುದಕ್ಕೆ ಮಾತ್ರ ಒಪ್ಪಿದರು.